ಕೆಲಸ ಮೆಕ್ಸಿಕೋಗೆ ಹೋಯಿತು, ಸರ್ಕಾರದ ನೆರವು ಎಲ್ಲಿಗೆ ಹೋಯಿತು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆಯವನು. ಅಮೆರಿಕಕ್ಕೆ ಬಂದು 22 ವರ್ಷ ಆಯಿತು, ಈಗ ಇಲ್ಲಿನ ಪ್ರಜೆ. ಉತ್ತರ ಕೆರೊಲಿನಾದ ಒಂದು ಕಾರ್ ಪಾರ್ಟ್ಸ್ ಫ್ಯಾಕ್ಟರಿಯಲ್ಲಿ 17 ವರ್ಷದಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೇನೆ. ಗಂಟೆಗೆ 24 ಡಾಲರ್. ವಯಸ್ಸು 53. ನಮ್ಮ ಲೈನನ್ನು ಮೆಕ್ಸಿಕೋಗೆ ಸಾಗಿಸುತ್ತೇವೆ ಅಂತ ಕಂಪನಿಯವರು ಮೀಟಿಂಗ್ ಕರೆದು ಹೇಳಿದರು. ಹಿರಿಯ ಸಹೋದ್ಯೋಗಿಯೊಬ್ಬರು 2010ರಲ್ಲಿ ಬೇರೆ ಕಡೆ ಹೀಗೇ ಕೆಲಸ ಕಳೆದುಕೊಂಡಾಗ ಸರ್ಕಾರವೇ ಎರಡು ವರ್ಷ ದುಡ್ಡು ಕೊಟ್ಟು ಓದಿಸಿತಂತೆ. ಈಗ ವಿಚಾರಿಸಿದರೆ ‘ಬಜೆಟ್ ಕಟ್ ಆಗಿದೆ’ ಅನ್ನುತ್ತಾರೆ. ನಿಜವಾ? ಅರ್ಜಿ ಹಾಕಲಾ, ಬೇಡವಾ? ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿದ್ದರು. ಮಿಲ್ ಮುಚ್ಚಿದ ದಿನ ಅವರು ಮನೆಗೆ ಬಂದು ಕೂತ ರೀತಿ ನನಗಿನ್ನೂ ನೆನಪಿದೆ. ನನ್ನ ಮಕ್ಕಳು ಅದನ್ನು ನೋಡಬಾರದು ಅಂತ ಬರೆಯುತ್ತಿದ್ದೇನೆ.

ಉತ್ತರ: ನಮಸ್ಕಾರ. ನಿಮ್ಮ ಪತ್ರದ ಕೊನೆಯ ಎರಡು ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ, ಆಮೇಲೆ ಉಳಿದ ಮಾತು.

ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ. ಆ ಯೋಜನೆಯ ಹೆಸರು ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್. ಎಲ್ಲರೂ ಟಿಎಎ ಅನ್ನುತ್ತಿದ್ದೆವು. ಆಮದು ಜಾಸ್ತಿಯಾಗಿಯೋ, ಕೆಲಸವೇ ಹೊರದೇಶಕ್ಕೆ ಹೋಗಿಯೋ ಬೀದಿಗೆ ಬಿದ್ದವರಿಗೆ ಅಂತಲೇ ಇದ್ದದ್ದು. ನಿಮ್ಮದು ಅದಕ್ಕೆ ಹೇಳಿ ಮಾಡಿಸಿದ ಕೇಸು. 2020ರಲ್ಲಿ ನೀವು ಬಂದಿದ್ದರೆ ನಾನೇ ಕೂರಿಸಿಕೊಂಡು ಫಾರಂ ತುಂಬಿಸುತ್ತಿದ್ದೆ. ಆದರೆ 2022ರ ಜುಲೈ 1ರಿಂದ ಆ ಬಾಗಿಲು ಮುಚ್ಚಿದೆ. ಕಾರ್ಮಿಕ ಇಲಾಖೆ ಹೊಸ ಅರ್ಜಿ ತೆಗೆದುಕೊಳ್ಳುವಂತಿಲ್ಲ. ಆ ದಿನ ಮೇಜಿನ ಮೇಲೆ ಬಾಕಿ ಇದ್ದ ಅರ್ಜಿಗಳಿಗೂ ಹೌದು ಅಥವಾ ಇಲ್ಲ ಅಂತ ಹೇಳುವಂತಿಲ್ಲ. ಹಾಗಾಗಿ ಈ ಅರ್ಜಿಯ ಹಿಂದೆ ಒಂದು ದಿನವನ್ನೂ ಕಳೆಯಬೇಡಿ. ಬೇರೆ ದಾರಿಗಳಿವೆ, ಚಿಕ್ಕವು, ಆದರೆ ಇವೆ. ಅವುಗಳಿಗೆ ಗಡುವು ಇದೆ.

‘ಬಜೆಟ್ ಕಟ್’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಈ ರಾಜ್ಯದ ಉದ್ಯೋಗ ಕೇಂದ್ರಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವಳು, ಎಷ್ಟೋ ಜನ ಇದೇ ಮಾತು ಕೇಳಿಕೊಂಡು ಬಂದಿದ್ದಾರೆ. ಈ ಯೋಜನೆ ನಿಲ್ಲಿಸಿ ಅಂತ ಯಾರೂ ಎದ್ದು ನಿಂತು ಮತ ಹಾಕಲಿಲ್ಲ. ಅದಕ್ಕೊಂದು ಕೊನೆಯ ದಿನ ಬರೆದಿಟ್ಟಿದ್ದರು. ಆ ದಿನ ಬಂತು, ಯಾರೂ ಮುಂದುವರಿಸಲಿಲ್ಲ, ಅಷ್ಟೇ. ಕತ್ತರಿ ಹಾಕಿದರೆ ಸದ್ದಾಗುತ್ತದೆ, ಪೇಪರಿನಲ್ಲಿ ಬರುತ್ತದೆ. ಅವಧಿ ಮುಗಿಯಲು ಬಿಟ್ಟರೆ ಸದ್ದೇ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. 2000ನೇ ಇಸವಿಯಲ್ಲಿ ಚೀನಾದ ಜೊತೆ ವ್ಯಾಪಾರ ಸಂಬಂಧದ ಕಾಯ್ದೆ ಮಾಡಿದಾಗ ಅದರಲ್ಲಿ ‘ಶಾಶ್ವತ’ ಅನ್ನುವ ಪದವನ್ನೇ ಹಾಕಿದರು. ಆ ವ್ಯಾಪಾರದಿಂದ ಕೆಲಸ ಕಳೆದುಕೊಂಡವರ ನೆರವಿಗೆ ಮಾತ್ರ ಹಾಲಿನ ಪ್ಯಾಕೆಟ್ಟಿನ ಹಾಗೆ ತಾರೀಖು ಒತ್ತಿದರು.

ಶುರುವಾದಾಗ ಹೀಗಿರಲಿಲ್ಲ. 1962ರಲ್ಲಿ ಕೆನೆಡಿ ಅಧ್ಯಕ್ಷರು. ಹೊರದೇಶದ ಮಾಲಿನ ಮೇಲಿನ ಸುಂಕ ಇಳಿಸಲು ಅವರಿಗೆ ಅಧಿಕಾರ ಬೇಕಿತ್ತು. ಸುಂಕ ಇಳಿದರೆ ಬಟ್ಟೆ, ಪಾತ್ರೆ, ಕಾರು ಎಲ್ಲ ಅಗ್ಗವಾಗಿ ಇಡೀ ದೇಶಕ್ಕೆ ಸ್ವಲ್ಪ ಸ್ವಲ್ಪ ಲಾಭ. ಪೆಟ್ಟು ಮಾತ್ರ ಕೆಲವೇ ಊರುಗಳ ಕೆಲವೇ ಫ್ಯಾಕ್ಟರಿಗಳ ಮೇಲೆ ಬೀಳುತ್ತದೆ. ಹಾಗಾದರೆ ಪೆಟ್ಟು ತಿಂದವರನ್ನು ದೇಶವೇ ನೋಡಿಕೊಳ್ಳಬೇಕು ಅಂತ ಸುಂಕದ ಕಾಯ್ದೆಯಲ್ಲೇ ಬರೆದರು. ಅದು ದಾನ ಅಲ್ಲ, ಒಪ್ಪಂದದ ಇನ್ನೊಂದು ಅರ್ಧ. ಈಚೆಗೆ ಉಕ್ಕು, ಅಲ್ಯೂಮಿನಿಯಂ ಮೇಲೆ ಹಾಕಿದ ಸುಂಕದ ಸುದ್ದಿ ಕೇಳಿರುತ್ತೀರಿ, ಅಲ್ವಾ? ಅದಕ್ಕೆ ಬಳಸುತ್ತಿರುವ 232ನೇ ಸೆಕ್ಷನ್ ಇರುವುದೂ ಅದೇ 1962ರ ಕಾಯ್ದೆಯಲ್ಲಿ. ಸುಂಕದ ಅಧಿಕಾರ ಇವತ್ತಿಗೂ ಗಟ್ಟಿಯಾಗಿದೆ. ಅದರ ಜೊತೆಗೇ ಹುಟ್ಟಿದ ಕಾರ್ಮಿಕರ ನೆರವು ಇಲ್ಲವಾಗಿದೆ.

ಆ ಮೊದಲ ಕಾಯ್ದೆಯ ಷರತ್ತು ಎಷ್ಟು ಬಿಗಿ ಇತ್ತು ಅಂದರೆ 1969ರವರೆಗೆ ಕಾರ್ಮಿಕರ ಒಂದು ಅರ್ಜಿಯೂ ಪಾಸಾಗಲಿಲ್ಲ. 1974ರ ಕಾಯ್ದೆ ಸಡಿಲ ಮಾಡಿತು. 1980ರ ಹೊತ್ತಿಗೆ ಜಪಾನಿನ ಕಾರುಗಳು ನುಗ್ಗಿ ಡೆಟ್ರಾಯಿಟ್ ಕಡೆಯ ಕಾರ್ ಕೆಲಸಗಾರರು ಸಾಲುಗಟ್ಟಿದಾಗ ಆ ಒಂದು ವರ್ಷದ ಖರ್ಚು ಸುಮಾರು 160 ಕೋಟಿ ಡಾಲರ್ ಆಯಿತು. ಮರುವರ್ಷವೇ ರೇಗನ್ ಸರ್ಕಾರ ಕತ್ತರಿ ಹಾಕಿತು. ಇದು ನಿಜವಾದ ಬಜೆಟ್ ಕಟ್. ಅಲ್ಲಿಯವರೆಗೆ ಹಳೇ ಸಂಬಳದ ಶೇ. 70ರಷ್ಟು ಸಿಗುತ್ತಿದ್ದದ್ದು ಆಮೇಲೆ ಮಾಮೂಲಿ ನಿರುದ್ಯೋಗ ಭತ್ಯೆಯ ಮಟ್ಟಕ್ಕೆ ಇಳಿಯಿತು, ಅದೂ ಆ ಭತ್ಯೆ ಪೂರ್ತಿ ಮುಗಿದ ಮೇಲೆ. ಅಲ್ಲಿಂದ ಇದು ಹಗ್ಗಜಗ್ಗಾಟವೇ. 2009ರಲ್ಲಿ ಹಿಗ್ಗಿಸಿದರು, 2011ರ ಫೆಬ್ರವರಿಯಲ್ಲಿ ಅವಧಿ ಮುಗಿಯಿತು, ಅದೇ ಅಕ್ಟೋಬರಿನಲ್ಲಿ ಕೊರಿಯಾ, ಕೊಲಂಬಿಯಾ, ಪನಾಮಾ ಒಪ್ಪಂದಗಳ ಜೊತೆಗೆ ವಾಪಸ್ ಬಂತು, 2013ರ ಕೊನೆಗೆ ಮತ್ತೆ ಕುಗ್ಗಿತು, 2015ರ ಜೂನಿನಲ್ಲಿ ಮತ್ತೆ ಬಂತು, 2021ರ ಜುಲೈನಲ್ಲಿ ಹಳೇ ಚಿಕ್ಕ ರೂಪಕ್ಕೆ ಇಳಿಯಿತು, ಮುಂದಿನ ಜುಲೈಗೆ ನಿಂತೇ ಹೋಯಿತು. ಪ್ರತಿ ಸಲ ಬದಲಾದಾಗಲೂ ನಮ್ಮ ಆಫೀಸಿನಲ್ಲಿ ಎರಡು ಮೂರು ಥರದ ನಿಯಮ ಒಟ್ಟಿಗೇ ನಡೆಯುತ್ತಿತ್ತು. ಅರ್ಜಿಯ ನಂಬರ್ ನೋಡಿ, ನಿಮಗೆ ಯಾವ ಕಾನೂನು ಅಂತ ಹೇಳಬೇಕಿತ್ತು. ಅಕ್ಕಪಕ್ಕ ಕೂತ ಇಬ್ಬರಿಗೆ ಬೇರೆ ಬೇರೆ ಸೌಲಭ್ಯ.

ಇದರಲ್ಲಿ ಇದ್ದದ್ದೇನು ಅಂತ ನಿಮ್ಮ ಲೆಕ್ಕದಲ್ಲೇ ಹೇಳುತ್ತೇನೆ, ಏನು ಕೈತಪ್ಪಿದೆ ಅಂತ ಗೊತ್ತಾಗಬೇಕು. ಮೂರು ಜನ ಕೆಲಸಗಾರರು ಸೇರಿ ಸಹಿ ಹಾಕಿದರೆ ಅರ್ಜಿ ಆಗುತ್ತಿತ್ತು. ಪಾಸಾದರೆ ಕಾಲೇಜಿನ ಫೀಸು, ಪುಸ್ತಕ, ದೂರ ಇದ್ದರೆ ಓಡಾಟದ ಖರ್ಚು. ಅದಕ್ಕಿಂತ ದೊಡ್ಡದು, ಓದುವಷ್ಟು ದಿನ ವಾರವಾರ ಮನೆಗೆ ದುಡ್ಡು. 2015ರ ನಿಯಮದಲ್ಲಿ ನಿರುದ್ಯೋಗ ಭತ್ಯೆಯೂ ಸೇರಿ 130 ವಾರದವರೆಗೆ ಹೋಗುತ್ತಿತ್ತು. ಇನ್ನು 50 ದಾಟಿದವರಿಗೆ ಸಂಬಳದ ವಿಮೆ ಅಂತ ಒಂದಿತ್ತು. ನಿಮಗೆ 24 ಡಾಲರಿನ ಕೆಲಸ ಹೋಗಿ 17 ಡಾಲರಿನದು ಸಿಕ್ಕಿತು ಅನ್ನಿ. ವರ್ಷಕ್ಕೆ 2,080 ಗಂಟೆ ಹಿಡಿದರೆ 14,560 ಡಾಲರ್ ಕಡಿಮೆ ಬರುತ್ತದೆ. ಅದರ ಅರ್ಧ, ಅಂದರೆ 7,280 ಡಾಲರನ್ನು ಸರ್ಕಾರ ತುಂಬುತ್ತಿತ್ತು, ಎರಡು ವರ್ಷಕ್ಕೆ ಒಟ್ಟು 10,000 ಮೀರದ ಹಾಗೆ. ಆರೋಗ್ಯ ವಿಮೆಯ ಕಂತಿನಲ್ಲಿ ದೊಡ್ಡ ಪಾಲನ್ನು ತೆರಿಗೆಯ ಮೂಲಕ ವಾಪಸ್ ಕೊಡುತ್ತಿದ್ದರು. ಅದು 2021ರ ಕೊನೆಗೇ ಮುಗಿದಿತ್ತು.

ಎಲ್ಲ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. 2003ರ ಜುಲೈ 30ರಂದು ಈ ರಾಜ್ಯದ ಕನ್ನಾಪೊಲಿಸ್‌ನಲ್ಲಿ ಪಿಲ್ಲೋಟೆಕ್ಸ್ ಮಿಲ್ ಮುಚ್ಚಿತು. ಟವೆಲ್, ಬೆಡ್‌ಶೀಟ್ ನೇಯುವ ಮಿಲ್. ಉತ್ತರ ಕೆರೊಲಿನಾದಲ್ಲೇ ಒಂದೇ ಏಟಿಗೆ ಸುಮಾರು 4,800 ಜನರ ಕೆಲಸ ಹೋಯಿತು, ಈ ರಾಜ್ಯ ಅಷ್ಟು ದೊಡ್ಡದನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೈಸ್ಕೂಲ್ ಮುಗಿಸದೆ ಹದಿನಾರು ಹದಿನೇಳಕ್ಕೇ ಮಿಲ್ಲಿಗೆ ಸೇರಿದವರು ಬಹಳ ಇದ್ದರು. ನಿಮ್ಮೂರಿನ ಹಾಗೇ, ಮಿಲ್ಲಿನ ಸೈರನ್ನೇ ಊರಿಗೆ ಗಡಿಯಾರ. ಆಗಿನ ನಿಯಮ ಏನೆಂದರೆ ಅರ್ಜಿ ಪಾಸಾಗಿ 8 ವಾರ, ಅಥವಾ ಕೆಲಸ ಹೋಗಿ 16 ವಾರ, ಯಾವುದು ಆಮೇಲೆ ಬರುತ್ತದೋ ಅಷ್ಟರೊಳಗೆ ತರಬೇತಿಗೆ ಸೇರಿರಬೇಕು ಅಥವಾ ವಿನಾಯಿತಿ ಪತ್ರ ಬರೆಸಿಕೊಂಡಿರಬೇಕು. ಇಲ್ಲದಿದ್ದರೆ ವಾರದ ದುಡ್ಡು ಇಲ್ಲ.

ಆ ಕಾಲದಲ್ಲಿ ಬೇರೊಂದು ಮಿಲ್ಲಿನಿಂದ ಒಬ್ಬ ಹೆಂಗಸು ನಮ್ಮಲ್ಲಿಗೆ ಬಂದರು. 27 ವರ್ಷ ಟವೆಲ್ ಅಂಚು ಹೊಲಿದವರು. ಬಲಗೈ ಹೆಬ್ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಪೆನ್ನನ್ನು ನಾಲ್ಕು ಬೆರಳಲ್ಲಿ ಹಿಡಿಯುತ್ತಿದ್ದರು. ಬ್ರೆಡ್ಡಿನ ಕವರಿನಲ್ಲಿ ಎಲ್ಲಾ ಕಾಗದ ಜೋಪಾನವಾಗಿ ಸುತ್ತಿ ತಂದಿದ್ದರು. ಸರ್ಕಾರದ ಪತ್ರವೂ ಅದರಲ್ಲೇ ಇತ್ತು, ಒಡೆಯದೇ. ಬಿಲ್ ಇರಬೇಕು ಅಂತ ಹೆದರಿ ಒಡೆದಿರಲಿಲ್ಲ. ಗಡುವು ಮುಗಿದು ಎರಡು ವಾರ ಆಗಿತ್ತು. ನಮ್ಮ ಆಫೀಸಿನಿಂದ ಒಬ್ಬರು ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು, ಯಾರೂ ಮಾಡಿರಲಿಲ್ಲ. ಅಪೀಲು ಬರೆದುಕೊಟ್ಟೆ, ಸೋತೆವು. ಅವತ್ತಿನಿಂದ ಯಾರು ಎದುರು ಕೂತರೂ ಮೊದಲು ತಾರೀಖು ಕೇಳುವುದು ನನಗೆ ಅಭ್ಯಾಸವಾಗಿದೆ. 2009ರಲ್ಲಿ ಆ ಗಡುವನ್ನು 26 ವಾರಕ್ಕೆ ಹೆಚ್ಚಿಸಿದರು. ಅವರಿಗೆ ಅದರಿಂದ ಏನೂ ಆಗಲಿಲ್ಲ.

ಇದರಿಂದ ಲಾಭ ಆಯಿತಾ ಇಲ್ಲವಾ ಅಂತ ಜಗಳ ಇದೆ. 2012ರಲ್ಲಿ ಬಂದ ದೊಡ್ಡ ಮೌಲ್ಯಮಾಪನ ಒಂದು, ಟಿಎಎಗೆ ಸೇರಿದವರು ನಾಲ್ಕು ವರ್ಷದ ನಂತರವೂ ಸೇರದವರಿಗಿಂತ ಕಡಿಮೆ ದುಡಿಯುತ್ತಿದ್ದರು ಅಂತ ಹೇಳಿತು. ನಿಲ್ಲಿಸಬೇಕು ಅನ್ನುವವರು ಅದನ್ನೇ ಹಿಡಿದುಕೊಂಡರು. ಆದರೆ ಎರಡು ವರ್ಷ ಕ್ಲಾಸಿನಲ್ಲಿ ಕೂತವರು ಆ ಎರಡು ವರ್ಷ ದುಡಿದಿರುವುದಿಲ್ಲ, ನಾಲ್ಕೇ ವರ್ಷಕ್ಕೆ ಅಳೆದರೆ ಕಡಿಮೆ ಕಾಣುವುದು ಸಹಜ. ಬೆಂಜಮಿನ್ ಹೈಮನ್ ಎಂಬ ಅರ್ಥಶಾಸ್ತ್ರಜ್ಞ ಹತ್ತು ವರ್ಷದ ಲೆಕ್ಕ ತೆಗೆದರು. ಟಿಎಎ ಅರ್ಜಿ ಪರಿಶೀಲಿಸುವ ತನಿಖಾಧಿಕಾರಿಗಳಲ್ಲಿ ಕೆಲವರು ಸುಲಭವಾಗಿ ಹೌದು ಅನ್ನುತ್ತಿದ್ದರು, ಕೆಲವರು ಬಿಗಿ. ಆ ವ್ಯತ್ಯಾಸವನ್ನೇ ಹಿಡಿದು ಒಂದೇ ಥರದ ಕೆಲಸಗಾರರನ್ನು ಹೋಲಿಸಿದಾಗ, ನೆರವು ಸಿಕ್ಕವರ ಹತ್ತು ವರ್ಷದ ಒಟ್ಟು ಗಳಿಕೆ ಸುಮಾರು 50,000 ಡಾಲರ್ ಜಾಸ್ತಿ ಇತ್ತು. ಹತ್ತನೇ ವರ್ಷದ ಹೊತ್ತಿಗೆ ಆ ಅಂತರ ಕರಗುತ್ತದೆ ಅಂತಲೂ ಅವರೇ ಹೇಳಿದ್ದಾರೆ. ನಾನು ಕಣ್ಣಾರೆ ಕಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಕಲಿತ ವಿದ್ಯೆ ಹಳತಾಗುತ್ತದೆ, ನಿಜ, ಆದರೆ ಆ ಹತ್ತು ವರ್ಷದಲ್ಲಿ ಮಕ್ಕಳು ದೊಡ್ಡವರಾಗಿರುತ್ತಾರೆ, ಮನೆ ಸಾಲ ತೀರಿರುತ್ತದೆ.

ಯೋಜನೆಯ ನಿಜವಾದ ದೋಷ ಬೇರೆ. ಅದು ಬಹಳ ಕಡಿಮೆ ಜನಕ್ಕೆ ತಲುಪುತ್ತಿತ್ತು. ಆಟರ್, ಡಾರ್ನ್, ಹ್ಯಾನ್ಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ತೋರಿಸಿದ ಲೆಕ್ಕ ನನಗೆ ಬಾಯಿಪಾಠ. ಒಂದು ಪ್ರದೇಶದಲ್ಲಿ ಒಬ್ಬ ಕೆಲಸಗಾರನ ಮೇಲೆ ಚೀನಾ ಆಮದಿನ ಒತ್ತಡ 1,000 ಡಾಲರಿನಷ್ಟು ಹೆಚ್ಚಾದರೆ ಅಲ್ಲಿನ ಜನಕ್ಕೆ ತಲಾ ಸುಮಾರು 58 ಡಾಲರ್ ಹೆಚ್ಚು ಸರ್ಕಾರಿ ಹಣ ಬರುತ್ತಿತ್ತು. ಅದರಲ್ಲಿ ಟಿಎಎ ಪಾಲು 25 ಸೆಂಟ್‌ಗಿಂತ ಕಡಿಮೆ. ಉಳಿದದ್ದು ಅಂಗವಿಕಲರ ಪಿಂಚಣಿ, ವೈದ್ಯಕೀಯ ಖರ್ಚು, ನಿವೃತ್ತಿ, ಇಂಥವಕ್ಕೆ. ಅಂದರೆ ಸರ್ಕಾರದ ಬೊಕ್ಕಸದಿಂದ ದುಡ್ಡು ಹೇಗೂ ಹೋಗುತ್ತಿತ್ತು. ಜನ ಕೆಲಸಕ್ಕೆ ವಾಪಸ್ ಬರುವ ದಾರಿಗೆ ಹೋಗದೆ, ಕೆಲಸವನ್ನೇ ಬಿಟ್ಟುಬಿಡುವ ದಾರಿಗೆ ಹೋಗುತ್ತಿತ್ತು. ಇದನ್ನು ಉಳಿತಾಯ ಅಂತ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ಬೆಂಗಳೂರಿನ ಮಾತನ್ನೂ ಹೇಳಬೇಕು, ಅದನ್ನು ಬಿಟ್ಟು ಕನ್ನಡದಲ್ಲಿ ಇದನ್ನು ಬರೆದರೆ ಅರ್ಧ ಸತ್ಯವಾಗುತ್ತದೆ. 2000ದ ದಶಕದಲ್ಲಿ ಅಮೆರಿಕದ ಪ್ರೋಗ್ರಾಮರುಗಳ ಕೆಲಸ ಭಾರತಕ್ಕೆ ಹೋದಾಗ ಇಲ್ಲಿ ‘ಬ್ಯಾಂಗಲೋರ್ಡ್’ ಅನ್ನುವ ಮಾತೇ ಹುಟ್ಟಿತು. ಅವರೂ ಟಿಎಎಗೆ ಅರ್ಜಿ ಹಾಕಿದರು. ಸಾಫ್ಟ್‌ವೇರ್ ಒಂದು ‘ವಸ್ತು’ ಅಲ್ಲ ಅಂತ ಇಲಾಖೆ ತಳ್ಳಿಹಾಕಿತು. ಕೋರ್ಟಿಗೆ ಹೋದರು, 2006ರಲ್ಲಿ ಇಲಾಖೆ ತನ್ನ ನಿಲುವು ಬದಲಿಸಿತು, 2009ರ ಕಾನೂನು ಸೇವಾ ಕ್ಷೇತ್ರದವರನ್ನೂ ಪೂರ್ತಿ ಒಳಗೆ ಸೇರಿಸಿತು. ನನ್ನ ಎದುರು ಕೂತು ಆ ಫಾರಂ ತುಂಬಿದವರಲ್ಲಿ ಒಬ್ಬರು ನಾನು ಯಾವ ಊರಿನವಳು ಅಂತ ಕೇಳಿದರು. ಮೈಸೂರಿನ ಹತ್ತಿರ ಅಂದೆ. ಅವರು ತಲೆಯಾಡಿಸಿ, ತಮ್ಮ ಕೆಲಸ ಕಲಿಸಿಕೊಟ್ಟ ಹುಡುಗಿಯೂ ಆ ಕಡೆಯವಳೇ, ತುಂಬಾ ಒಳ್ಳೆಯವಳು ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಹುಡುಗಿಗೆ ಸಿಕ್ಕ ಕೆಲಸವೂ ನ್ಯಾಯವಾದದ್ದೇ, ಇವರಿಗೆ ಬೇಕಾದ ಎರಡು ವರ್ಷವೂ ನ್ಯಾಯವಾದದ್ದೇ.

ನಿಮ್ಮ ತಂದೆಯವರ ಕಾಲದಲ್ಲಿ ನಮ್ಮಲ್ಲೂ ಒಂದು ಯೋಜನೆ ಇತ್ತು. ಕಾಯಂ ಮುಚ್ಚಿದ ಖಾಸಗಿ ಬಟ್ಟೆ ಮಿಲ್ಲುಗಳ ಕಾರ್ಮಿಕರಿಗೆ 1986ರಲ್ಲಿ ಕೇಂದ್ರ ಸರ್ಕಾರ ಪುನರ್ವಸತಿ ನಿಧಿ ಮಾಡಿತು. ಮೊದಲ ವರ್ಷ ಸಂಬಳದ ಶೇ. 75, ಎರಡನೇ ವರ್ಷ 50, ಮೂರನೇ ವರ್ಷ 25. ಕೈಗೆ ದುಡ್ಡು ಕೊಡುತ್ತಿದ್ದರು, ಹೊಸ ಕೆಲಸ ಕಲಿಸುತ್ತಿರಲಿಲ್ಲ. ಮೂರು ವರ್ಷ ಆದ ಮೇಲೆ ಏನು ಅನ್ನುವುದಕ್ಕೆ ಉತ್ತರ ಇರಲಿಲ್ಲ. ಅಮೆರಿಕದ್ದು ಕಲಿಸುತ್ತಿತ್ತು, ಅದಕ್ಕೇ ಅದು ನಿಂತದ್ದು ನನಗೆ ಇಷ್ಟು ನೋವು.

ಈಗ ನಿಮ್ಮ ವಿಷಯ. ಮೊದಲನೆಯದು ನೋಟಿಸು. 100 ಅಥವಾ ಹೆಚ್ಚು ಜನರಿರುವ ಕಂಪನಿ ಫ್ಯಾಕ್ಟರಿ ಮುಚ್ಚುವಾಗ ಅಥವಾ ದೊಡ್ಡ ಸಂಖ್ಯೆಯಲ್ಲಿ ತೆಗೆಯುವಾಗ 60 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು, 1988ರ ವಾರ್ನ್ ಕಾಯ್ದೆ ಇದು. ಮೀಟಿಂಗಿನಲ್ಲಿ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಪತ್ರ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಆಮೇಲೆ ಕಂಪನಿ ಒಂದು ಸೆಟ್ಲ್‌ಮೆಂಟ್ ಕಾಗದ ಕೊಟ್ಟು, ಸಹಿ ಹಾಕಿದರೆ ಇಷ್ಟು ದುಡ್ಡು ಅನ್ನುತ್ತದೆ. ಅವತ್ತೇ ಸಹಿ ಹಾಕಬೇಡಿ. ಗುಂಪಾಗಿ ತೆಗೆಯುವಾಗ 40 ದಾಟಿದವರಿಂದ ವಯಸ್ಸಿನ ತಾರತಮ್ಯದ ಹಕ್ಕು ಬರೆಸಿಕೊಳ್ಳಬೇಕಾದರೆ ಯೋಚಿಸಲು 45 ದಿನ ಕೊಡಬೇಕು, ಸಹಿ ಹಾಕಿದ ಮೇಲೂ 7 ದಿನ ವಾಪಸ್ ಪಡೆಯಬಹುದು.

ನಿರುದ್ಯೋಗ ಭತ್ಯೆಗೆ ಕೆಲಸ ಹೋದ ವಾರವೇ ಅರ್ಜಿ ಹಾಕಿ. ಇಲ್ಲಿ ನಿಮಗೆ ನಿಜವಾದ ಬಜೆಟ್ ಕಟ್ ಕಾಣುತ್ತದೆ. 2008ರ ಕುಸಿತದ ನಂತರ ಈ ರಾಜ್ಯ ಭತ್ಯೆ ಕೊಡಲು ಕೇಂದ್ರದಿಂದ ಸುಮಾರು 250 ಕೋಟಿ ಡಾಲರ್ ಸಾಲ ಮಾಡಿತ್ತು. ಅದನ್ನು ತೀರಿಸಲು 2013ರ ಜುಲೈನಲ್ಲಿ ವಾರದ ಗರಿಷ್ಠ ಮೊತ್ತವನ್ನು 535ರಿಂದ 350 ಡಾಲರಿಗೆ ಇಳಿಸಿದರು, 26 ವಾರ ಇದ್ದದ್ದನ್ನು 12ರಿಂದ 20ರ ನಡುವೆ ಏರಿಳಿಯುವ ಹಾಗೆ ಮಾಡಿದರು. ಆ ತಿಂಗಳೇ ಬಹಳ ದಿನದಿಂದ ಕೆಲಸವಿಲ್ಲದ ಸುಮಾರು 70,000 ಜನರಿಗೆ ಕೇಂದ್ರದ ಹೆಚ್ಚುವರಿ ಭತ್ಯೆಯೂ ನಿಂತಿತು. 2025ರಲ್ಲಿ ಗರಿಷ್ಠ ಮೊತ್ತ 450ಕ್ಕೆ ಏರಿದೆ, ವಾರಗಳು ಏರಿಲ್ಲ. ನೀವು ವಾರಕ್ಕೆ 960 ಡಾಲರ್ ದುಡಿಯುವವರು. ಹಾಗಾಗಿ 12 ವಾರಕ್ಕೆ, ಅರ್ಧಕ್ಕಿಂತ ಕಡಿಮೆ ದುಡ್ಡಿನಲ್ಲಿ, ಮನೆಯ ಲೆಕ್ಕ ಈಗಲೇ ಹಾಕಿ. ಯಜಮಾನತಿಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಒಬ್ಬರೇ ಹೊತ್ತುಕೊಂಡು ತಿರುಗಬೇಡಿ, ನಿಮ್ಮ ತಂದೆ ಅದನ್ನೇ ಮಾಡಿದ್ದರು ಅನ್ನಿಸುತ್ತದೆ.

ಕಂಪನಿಯ ಆರೋಗ್ಯ ವಿಮೆ ಹೋದ ಮೇಲೆ ಮಾರ್ಕೆಟ್‌ಪ್ಲೇಸಿನಲ್ಲಿ, ಅಂದರೆ ಸರ್ಕಾರ ನಡೆಸುವ ವಿಮೆಯ ಮಾರುಕಟ್ಟೆಯಲ್ಲಿ, ಹೊಸದು ತೆಗೆದುಕೊಳ್ಳಲು 60 ದಿನ ಇರುತ್ತದೆ. ಕೋಬ್ರಾ ಅಂತ ಹಳೇ ವಿಮೆಯನ್ನೇ 18 ತಿಂಗಳು ಇಟ್ಟುಕೊಳ್ಳಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲೂ ನಿಮ್ಮದೇ, ಮೇಲೆ ಶೇ. 2ರವರೆಗೆ ಖರ್ಚು. ಎರಡರ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಓದಿನ ವಿಷಯಕ್ಕೆ ಬಂದರೆ, ಟಿಎಎ ಹೋದ ಮೇಲೆ ಉಳಿದಿರುವುದು 2014ರ ವಿಯೋವಾ ಅನ್ನುವ ಉದ್ಯೋಗ ತರಬೇತಿ ಕಾಯ್ದೆಯ ಹಣ. ಹತ್ತಿರದ ಎನ್‌ಸಿ ವರ್ಕ್ಸ್ ಅನ್ನುವ ರಾಜ್ಯದ ಉದ್ಯೋಗ ಕೇಂದ್ರಕ್ಕೆ ಹೋಗಿ ‘ಡಿಸ್‌ಲೊಕೇಟೆಡ್ ವರ್ಕರ್’ (ತನ್ನ ತಪ್ಪಿಲ್ಲದೆ ಕೆಲಸ ಕಳೆದುಕೊಂಡವ) ಅಂತಲೇ ಹೇಳಿ ಹೆಸರು ಬರೆಸಿ. ಈ ಪದ ಮುಖ್ಯ, ಸುಮ್ನೆ ಕೆಲಸ ಹುಡುಕುತ್ತಿದ್ದೇನೆ ಅಂದರೆ ಕಂಪ್ಯೂಟರ್ ತೋರಿಸಿ ಕಳಿಸುತ್ತಾರೆ. ನೋಟಿಸು ಬಂದಿದ್ದರೆ ಕೆಲಸ ಹೋಗುವ ಮುಂಚೆಯೇ ಬರೆಸಬಹುದು. ಇದು ಟಿಎಎ ಥರ ಹಕ್ಕಲ್ಲ. ದುಡ್ಡು ಇದ್ದಷ್ಟು ದಿನ ಕೊಡುತ್ತಾರೆ. ಅವರ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ವಸಂತ ಬರುವ ಹೊತ್ತಿಗೆ ಎಷ್ಟೋ ಕಡೆ ಖಾಲಿ. 2026ರ ಬಜೆಟ್ ಪ್ರಸ್ತಾವದಲ್ಲಿ ಇಂಥ ಹಲವು ತರಬೇತಿ ಯೋಜನೆಗಳನ್ನು ಒಂದೇ ಅನುದಾನಕ್ಕೆ ಸೇರಿಸಿ 160 ಕೋಟಿ ಡಾಲರಿಗೂ ಹೆಚ್ಚು ಉಳಿಸುವ ಮಾತಿತ್ತು, ಆದ್ದರಿಂದ ಮುಂದಿನ ವರ್ಷ ನೋಡೋಣ ಅಂತ ಕಾಯಬೇಡಿ.

ಈ ರಾಜ್ಯದಲ್ಲಿ 58 ಕಮ್ಯುನಿಟಿ ಕಾಲೇಜುಗಳಿವೆ. ಇಲ್ಲಿನ ನಿವಾಸಿಗೆ ಒಂದು ಕ್ರೆಡಿಟ್‌ಗೆ 76 ಡಾಲರ್, ಇದು ಅಗ್ಗವೇ. ಪೆಲ್ ಗ್ರ್ಯಾಂಟ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿಗೆ ಅರ್ಜಿ ಹಾಕಿದಾಗ ಹಳೇ ವರ್ಷದ ಆದಾಯ ನೋಡಿ ಇಲ್ಲ ಅನ್ನಬಹುದು. ಆಗ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ನೋಟಿಸು ತೋರಿಸಿ, ಕೆಲಸ ಹೋಗಿದೆ, ಲೆಕ್ಕ ಬದಲಿಸಿ ಅಂತ ಬರೆದುಕೊಡಿ. ಹಾಗೆ ಬದಲಿಸುವ ಅಧಿಕಾರ ಅವರಿಗಿದೆ. 8ರಿಂದ 15 ವಾರದ ಚಿಕ್ಕ ಕೋರ್ಸುಗಳಿಗೂ 2026ರ ಜುಲೈ 1ರಿಂದ ಪೆಲ್ ಹಣ ಕೊಡುವ ಕಾನೂನು ಬಂದಿದೆ. ನಿಮಗೆ ಅದೇ ಸರಿ ಅನ್ನಿಸುತ್ತದೆ. ಎರಡು ವರ್ಷದ ಡಿಗ್ರಿಗೆ ನಿಮ್ಮ ಹತ್ತಿರ ವಾರದ ದುಡ್ಡಿಲ್ಲ, ಆದರೆ 17 ವರ್ಷ ಅಳೆದು ನೋಡಿದ ಕಣ್ಣಿದೆ. ಅಳತೆ ಯಂತ್ರ ನಡೆಸುವುದು, ಕ್ಯಾಲಿಬ್ರೇಶನ್, ಔಷಧಿ ಅಥವಾ ವೈದ್ಯಕೀಯ ಉಪಕರಣದ ಕ್ವಾಲಿಟಿ, ಈ ಕಡೆಯ ಸರ್ಟಿಫಿಕೇಟ್ ನೋಡಿ. ಈ ರಾಜ್ಯದಲ್ಲಿ ಔಷಧಿ ಕಾರ್ಖಾನೆಗಳು ಜಾಸ್ತಿ ಇವೆ, ಅವರಿಗೂ ಅಳೆದು ಇದು ಸರಿಯಿಲ್ಲ ಅನ್ನುವವರು ಬೇಕು.

ಸೋಮವಾರ ಕೆಲಸಕ್ಕೆ ಹೋದಾಗ ಒಂದು ಮಾಡಿ. ಪೇ ಸ್ಟಬ್‌ಗಳು, ಟ್ರೇನಿಂಗ್ ಸರ್ಟಿಫಿಕೇಟ್‌ಗಳು, ನೀವು ಬಳಸುವ ಅಳತೆ ಯಂತ್ರಗಳ ಹೆಸರು ಮತ್ತು ಮಾಡೆಲ್, ಇವಿಷ್ಟನ್ನು ಬರೆದುಕೊಂಡು ಮನೆಗೆ ತನ್ನಿ. ಗೇಟ್ ಪಾಸ್ ಹೋದ ಮೇಲೆ ಇವು ಸಿಗುವುದಿಲ್ಲ. ಜೊತೆಗೆ ಕೆಲಸ ಮಾಡುವವರಲ್ಲಿ ಇಂಗ್ಲಿಷ್ ಪತ್ರ ಒಡೆಯಲು ಹೆದರುವವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡೇ ಕೇಂದ್ರಕ್ಕೆ ಹೋಗಿ. ನೋಟಿಸು ಬಂದ ತಕ್ಷಣ ನನಗೆ ತಾರೀಖು ಬರೆದು ಕಳಿಸಿ, ಉಳಿದ ಗಡುವುಗಳನ್ನು ಲೆಕ್ಕ ಹಾಕಿ ಕೊಡುತ್ತೇನೆ.